ಟವಲ್ಲು, ಪಿನ್ನು, ಕಿವಿ ಮೇಲಿನ ಹೂವು: ಮೈಮೇಲಿನ ಸಾದಾ ವಸ್ತು ಪ್ರತಿಭಟನೆ ಆಗುವುದು ಹೇಗೆ?

2016ರ ಮಾರ್ಚ್. ಶಾಶ್ವತ ನೀರಾವರಿ ಬೇಕು ಎಂದು ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟ ದಿನ. ಚಿಂತಾಮಣಿ ತಾಲ್ಲೂಕಿನ ನಮ್ಮ ಊರಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಮನೆಮನೆಯಲ್ಲೂ ಲೈಟು ಹತ್ತಿತ್ತು. ಟ್ರ್ಯಾಕ್ಟರ್ ನಮ್ಮ ಬಾಗಿಲ ಮುಂದೆ ಬಂದು ನಿಂತರೂ ಅಪ್ಪ ಹೊರಗೆ ಬರಲಿಲ್ಲ. ಅವರ ಹಸಿರು ಶಾಲನ್ನು ಅಮ್ಮ ಹಿಂದಿನ ರಾತ್ರಿ ಒಗೆದು ಹಾಕಿದ್ದರು. ಅದು ಇನ್ನೂ ಒಣಗಿರಲಿಲ್ಲ. ಮನೆಯಲ್ಲಿ ಟವಲ್ಲುಗಳು ಬೇಕಾದಷ್ಟಿದ್ದವು. ಅಮ್ಮ ಒಂದು ಬಿಳಿ ಟವಲ್ಲು ತಂದುಕೊಟ್ಟರು. ಅಪ್ಪ ಮುಟ್ಟಲಿಲ್ಲ. "ಅದಿಲ್ದೆ ಹೋದ್ರೆ ಸಂತೆಗೆ ಬಂದೋನ ಥರ ಕಾಣ್ತೀನಿ ಕಣೆ" ಅಂದರು. ಒದ್ದೆ ಶಾಲನ್ನೇ ಇನ್ನೊಂದು ಸಲ ಹಿಂಡಿ, ಒದರಿ, ಹೆಗಲಿಗೆ ಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿದರು. ದೇವನಹಳ್ಳಿ ದಾಟುವಷ್ಟರಲ್ಲಿ ಒಣಗಿತ್ತಂತೆ.

ಸಂತೆಗೆ ಬಂದೋನ ಥರ. ಈ ಮಾತು ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ಒಂದು ಗಜ ಹತ್ತಿ ಬಟ್ಟೆ. ಪೇಟೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅದು ಹೆಗಲ ಮೇಲಿದ್ದರೆ ಹೋರಾಟಗಾರ, ಇಲ್ಲದಿದ್ದರೆ ಸಂತೆಗೆ ಬಂದವನು. ಒಂದು ಬಟ್ಟೆಗೆ, ಒಂದು ಪಿನ್ನಿಗೆ, ಒಂದು ಹೂವಿಗೆ ಈ ಶಕ್ತಿ ಎಲ್ಲಿಂದ ಬರುತ್ತದೆ? ಸುಮ್ನೆ ಬಣ್ಣದಿಂದಂತೂ ಅಲ್ಲ.

ಮೊದಲು ಆ ಟವಲ್ಲನ್ನೇ ನೋಡೋಣ. ನಮ್ಮ ತಾತನ ಕಾಲದಲ್ಲಿ ಶಾನುಭೋಗರೋ ಅಮಲ್ದಾರರೋ ಎದುರಾದರೆ ರೈತನ ಹೆಗಲ ಮೇಲಿನ ಟವಲ್ಲು ಕೆಳಗಿಳಿಯುತ್ತಿತ್ತು. ಕಂಕುಳು ಸೇರುತ್ತಿತ್ತು, ಇಲ್ಲವೇ ಸೊಂಟ ಸುತ್ತುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ಕೈ ತಾನಾಗಿಯೇ ಹೋಗುತ್ತಿತ್ತು. ತಾತ ಕೊನೆಗಾಲದಲ್ಲೂ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಟವಲ್ಲು ತೆಗೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದರೆ ಟವಲ್ಲು ಆಗಲೂ ಮಾತಾಡುತ್ತಿತ್ತು. 'ನಾನು ನಿಮಗಿಂತ ಕೆಳಗಿನವನು' ಎನ್ನುತ್ತಿತ್ತು.

1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದರು. ಗೋಲಿಬಾರ್ ಆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮುಂದೆ ನಿಂತರು. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂದು ಊರಬಾಗಿಲಲ್ಲಿ ಬೋರ್ಡು ಬಿತ್ತು. ಸಾಲಕ್ಕೆ ಜಪ್ತಿ ಮಾಡಿದ ಸಾಮಾನನ್ನು ರೈತರೇ ಹೋಗಿ ವಾಪಸ್ ತಂದರು, ಅದಕ್ಕೆ 'ಮರುಜಪ್ತಿ' ಎಂದು ಹೆಸರೂ ಕೊಟ್ಟರು. ಇದೆಲ್ಲದರ ಜೊತೆಗೆ ಹಸಿರು ಶಾಲು ಬಂತು. ನನ್ನ ಪ್ರಕಾರ ಸಂಘ ಹೊಸ ವಸ್ತುವನ್ನೇನೂ ಹುಟ್ಟುಹಾಕಲಿಲ್ಲ. ರೈತನ ಹೆಗಲ ಮೇಲೆ ಮೊದಲೇ ಇದ್ದ ಟವಲ್ಲಿಗೆ ಬಣ್ಣ ಕೊಟ್ಟು, ಇನ್ನುಮುಂದೆ ಯಾರೆದುರೂ ಇದನ್ನು ಕೆಳಗಿಳಿಸಬೇಡ ಎಂದಿತು. ತಾಲ್ಲೂಕು ಆಫೀಸಿನ ಕುರ್ಚಿಯ ಮುಂದೆ ಶಾಲು ಹೆಗಲ ಮೇಲೇ ಉಳಿಯಿತು. ಅಷ್ಟು ಸಾಕಾಯಿತು.

ಜಗತ್ತಿನ ಬೇರೆ ಕಡೆಯ ಕಥೆಗಳಲ್ಲೂ ಇದೇ ಕಾಣುತ್ತದೆ. ಗಟ್ಟಿಯಾಗಿ ನಿಂತ ಗುರುತುಗಳು ಜಾಸ್ತಿ ಪಾಲು ಮನೆಯಲ್ಲೇ, ಮೈಮೇಲೆಯೇ ಇದ್ದ ವಸ್ತುಗಳು.

ನಾರ್ವೆ ದೇಶದ ಪೇಪರ್ ಕ್ಲಿಪ್ಪಿನ ಕಥೆ ಕೇಳಿ. 1940ರಲ್ಲಿ ಹಿಟ್ಲರನ ಸೇನೆ ನಾರ್ವೆಯನ್ನು ಹಿಡಿಯಿತು. ರಾಜ ಏಳನೇ ಹೊಕೊನ್ ಇಂಗ್ಲೆಂಡಿಗೆ ಹೋಗಬೇಕಾಯಿತು. ಜನ ಅವನ ಮೊದಲಕ್ಷರದ ಬ್ಯಾಡ್ಜು ಹಾಕಿಕೊಂಡರು, ಅದಕ್ಕೆ ನಿಷೇಧ ಬಂತು. ಆ ವರ್ಷವೇ ಓಸ್ಲೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೋಟಿನ ಅಂಚಿಗೆ ಪೇಪರ್ ಕ್ಲಿಪ್ ಸಿಕ್ಕಿಸಿಕೊಂಡು ಓಡಾಡತೊಡಗಿದರು. ಕ್ಲಿಪ್ಪಿನ ಕೆಲಸ ಏನು? ಬಿಡಿ ಹಾಳೆಗಳನ್ನು ಒಟ್ಟಿಗೆ ಹಿಡಿದಿಡುವುದು. 'ನಾವು ಒಟ್ಟಿಗಿದ್ದೇವೆ' ಎಂಬ ಮಾತು ಅದರೊಳಗೇ ಕೂತಿತ್ತು. ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿವೆ.

ಮೊದಲನೆಯದು, ಆಳುವವರು ಇಕ್ಕಟ್ಟಿಗೆ ಸಿಕ್ಕುವುದು. ಬಾವುಟವನ್ನು ನಿಷೇಧಿಸುವುದು ಸುಲಭ, ಏಕೆಂದರೆ ಅದಕ್ಕೆ ಬೇರೆ ಕೆಲಸವಿಲ್ಲ. ಕ್ಲಿಪ್ ಆಫೀಸಿನಲ್ಲಿ ಬೇಕು, ಶಾಲೆಯಲ್ಲಿ ಬೇಕು. ಪೊಲೀಸು ಹಿಡಿದರೆ 'ಕಾಗದ ಜೋಡಿಸುತ್ತಿದ್ದೆ ಸ್ವಾಮಿ, ಹಾಗೇ ಸಿಕ್ಕಿಸಿಕೊಂಡೆ' ಎನ್ನಬಹುದು. ಸುಮ್ಮನೆ ಬಿಟ್ಟರೆ ದಿನದಿನಕ್ಕೆ ಜಾಸ್ತಿಯಾಗುತ್ತದೆ. ನಿಷೇಧ ಹಾಕಿದರೆ ಇಷ್ಟು ದೊಡ್ಡ ಸೈನ್ಯ ಒಂದು ತುಂಡು ತಂತಿಗೆ ಹೆದರಿತು ಎಂದು ಊರೆಲ್ಲ ಮಾತಾಡುತ್ತದೆ. ಕೊನೆಗೆ ಅವರು ಅದನ್ನು ನಿಷೇಧಿಸಿದರು. ಜನ ಕೆಂಪು ಉಣ್ಣೆ ಟೋಪಿ ಹಾಕಿಕೊಂಡರು. 1942ರ ಫೆಬ್ರವರಿಯಲ್ಲಿ ಅದಕ್ಕೂ ನಿಷೇಧ ಬಂತು. ಚಳಿಯ ದೇಶದಲ್ಲಿ ಟೋಪಿಗೆ ನಿಷೇಧ!

ಎರಡನೆಯದು ಇನ್ನೂ ಮುಖ್ಯ. ಹೆದರಿಕೆಯ ಕಾಲದಲ್ಲಿ ಪ್ರತಿಯೊಬ್ಬನೂ ಸಿಟ್ಟನ್ನು ಒಳಗೇ ನುಂಗಿಕೊಂಡಿರುತ್ತಾನೆ. ಪಕ್ಕದವನೂ ನುಂಗಿಕೊಂಡಿದ್ದಾನೆ ಎಂದು ಅವನಿಗೆ ಗೊತ್ತಾಗುವುದಿಲ್ಲ. ನನಗೊಬ್ಬನಿಗೇ ಹೀಗನ್ನಿಸುತ್ತಿದೆ, ಉಳಿದವರೆಲ್ಲ ಒಪ್ಪಿಕೊಂಡಿದ್ದಾರೆ ಎಂದುಕೊಳ್ಳುತ್ತಾನೆ. ಹೀಗೆ ಜನ ಮನಸ್ಸಿನ ಮಾತನ್ನು ಬಚ್ಚಿಟ್ಟುಕೊಳ್ಳುವುದರ ಬಗ್ಗೆ ಅರ್ಥಶಾಸ್ತ್ರಜ್ಞ ತಿಮೂರ್ ಕುರಾನ್ ಬಹಳ ಕೆಲಸ ಮಾಡಿದ್ದಾರೆ. ಎಲ್ಲರೂ ಸುಮ್ಮನಿರುವುದರಿಂದಲೇ ಎಲ್ಲರೂ ಸುಮ್ಮನಿರುತ್ತಾರೆ. ಬಸ್ಸಿನಲ್ಲಿ ಎದುರು ಸೀಟಿನವನ ಕೋಟಿನ ಮೇಲೆ ಒಂದು ಕ್ಲಿಪ್ ಕಂಡರೆ ಆ ಗಂಟು ಸಡಿಲವಾಗುತ್ತದೆ. ಹತ್ತು ಕಂಡರೆ ಬಿಚ್ಚಿಯೇ ಹೋಗುತ್ತದೆ. ಕ್ಲಿಪ್ಪು ಯಾರಿಗೂ ಹೊಸ ವಿಚಾರ ಕಲಿಸುವುದಿಲ್ಲ. ಎಲ್ಲರ ಮನಸ್ಸಲ್ಲೂ ಇರುವುದು ಎಲ್ಲರ ಕಣ್ಣಿಗೂ ಬೀಳುವಂತೆ ಮಾಡುತ್ತದೆ, ಅಷ್ಟೇ.

ಗುರುತು ಕೆಲವೊಮ್ಮೆ ಉಲ್ಟಾ ಕೆಲಸವನ್ನೂ ಮಾಡುತ್ತದೆ, ಅಂದರೆ ಬಚ್ಚಿಡುತ್ತದೆ. ಪ್ಯಾಲೆಸ್ಟೈನ್‌ನಲ್ಲಿ 1936ರಿಂದ 39ರವರೆಗೆ ಬ್ರಿಟಿಷರ ವಿರುದ್ಧ ದಂಗೆ ನಡೆಯಿತು. ಹೋರಾಡುತ್ತಿದ್ದವರಲ್ಲಿ ಹಳ್ಳಿಯವರೇ ಜಾಸ್ತಿ. ಅವರ ತಲೆಗೆ ಬಿಸಿಲು ತಡೆಯುವ ಕೆಫಿಯೆ ಬಟ್ಟೆ. ಪೇಟೆಯವರ ತಲೆಯ ಮೇಲೆ ತರ್ಬೂಷ್ ಟೋಪಿ. ಹಳ್ಳಿಯವನು ಪೇಟೆಗೆ ಬಂದರೆ ಸೈನಿಕರು ತಲೆ ನೋಡಿಯೇ ಹಿಡಿಯುತ್ತಿದ್ದರು. 1938ರಲ್ಲಿ ದಂಗೆಯ ಮುಖಂಡರು ಪೇಟೆಯವರೂ ಕೆಫಿಯೆಯನ್ನೇ ತೊಡಬೇಕು ಎಂದು ಅಪ್ಪಣೆ ಕೊಟ್ಟರು. ಎಲ್ಲರ ತಲೆಯೂ ಒಂದೇ ಥರ ಆದ ಮೇಲೆ ಯಾರನ್ನು ಅಂತ ಹಿಡಿಯುವುದು? ಇವತ್ತು ಆ ಬಟ್ಟೆ ಜಗತ್ತಿಗೆಲ್ಲ ಗೊತ್ತಿದೆ. ಅದರ ಬೇರು ಮಾತ್ರ ಹೊಲದ ಬಿಸಿಲಿನಲ್ಲಿದೆ, ನಮ್ಮ ಟವಲ್ಲಿನ ಹಾಗೇ.

ನಮ್ಮ ಜಿಲ್ಲೆಯಲ್ಲೇ ಬಾವುಟಕ್ಕೆ ಗುಂಡು ಬಿದ್ದ ಜಾಗವಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. 1938ರ ಏಪ್ರಿಲ್ 25. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಎಂಬ ಕಟ್ಟುಪಾಡಿನ ವಿರುದ್ಧ ಜನ ಸೇರಿದ್ದರು. ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ಬಿಟ್ಟರು. ಅಲ್ಲಿನ ಸ್ಮಾರಕದ ಮುಂದೆ ನಿಂತಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಬಾವುಟವನ್ನು ತಡೆದರು, ಸರಿ. ಅದನ್ನು ಹಿಡಿದು ಬಂದವರ ಮೈಮೇಲಿನ ಖಾದಿಯನ್ನು ಹೇಗೆ ತಡೆಯುವುದು? ತಲೆ ಮೇಲಿನ ಬಿಳಿ ಟೋಪಿಯನ್ನು? ಗಾಂಧಿ ಆ ಟೋಪಿಯನ್ನು ಆರಿಸಿದ್ದೇ ಹಗುರ, ಅಗ್ಗ, ಒಗೆಯಲು ಸುಲಭ, ಮಡಚಿ ಜೇಬಿಗೆ ಹಾಕಬಹುದು ಎಂಬ ಕಾರಣಕ್ಕೆ. ಅವರು ತಾವೇ ಅದನ್ನು ತೊಟ್ಟಿದ್ದು ಕೆಲವೇ ವರ್ಷ. 1921ರ ಸೆಪ್ಟೆಂಬರ್‌ನಲ್ಲಿ ಮಧುರೆಯಲ್ಲಿ ತುಂಡುಬಟ್ಟೆಗೆ ಇಳಿದರು. ಟೋಪಿ ಜನರ ತಲೆಯಲ್ಲಿ ಉಳಿಯಿತು.

ಈಗ ನಮ್ಮ ಕಾಲಕ್ಕೆ ಬರೋಣ. ಕೆಲವು ಗುರುತುಗಳು ಭಾಷೆಯೊಳಗಿಂದಲೇ ಹುಟ್ಟುತ್ತವೆ. 2023ರ ಫೆಬ್ರವರಿ 17ರಂದು ಬೊಮ್ಮಾಯಿ ಅವರು ಬಜೆಟ್ ಓದಲು ನಿಂತಾಗ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ಶಾಸಕರು ಕಿವಿ ಮೇಲೆ ಹೂವಿಟ್ಟುಕೊಂಡು ವಿಧಾನಸಭೆಗೆ ಬಂದರು. ಕಿವಿಗೆ ಹೂವಿಡುವುದು ಅಂದರೇನು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಮ್ಮ ಕಡೆ ಅರ್ಧ ವ್ಯವಹಾರ ತೆಲುಗಿನಲ್ಲೇ ನಡೆಯುತ್ತದೆ. ತೆಲುಗಿನಲ್ಲೂ 'ಚೆವಿಲೋ ಪುವ್ವು' ಎಂದು ಅದೇ ಮಾತಿದೆ. ಹಾಗಾಗಿ ಚಿಂತಾಮಣಿ, ಬಾಗೇಪಲ್ಲಿಯ ಟೀ ಅಂಗಡಿಗಳಲ್ಲಿ ಟಿ.ವಿ. ನೋಡಿದವರಿಗೆಲ್ಲ ತಕ್ಷಣ ಅರ್ಥವಾಯಿತು. ಅದೇ ಚಿತ್ರವನ್ನು ದೂರದ ದೇಶದವರು ನೋಡಿದ್ದರೆ ಹಬ್ಬ ಎಂದುಕೊಳ್ಳುತ್ತಿದ್ದರು. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲಿ ದಿನಾ ರಾಶಿ ರಾಶಿ ಚೆಂಡುಹೂವು ಬೀಳುತ್ತದೆ. ರಾಶಿಯಲ್ಲಿದ್ದಾಗ ಅದು ಬೆಳೆ, ಬಾಗಿಲಿಗೆ ಕಟ್ಟಿದರೆ ತೋರಣ. ಅದೇ ಹೂವು ಬಜೆಟ್ ದಿನ ಶಾಸಕರ ಕಿವಿ ಮೇಲೆ ಕೂತರೆ 'ಜನರನ್ನು ಮರುಳು ಮಾಡುತ್ತಿದ್ದೀರಿ' ಎಂಬ ಆರೋಪ.

ವಸ್ತುವಿಗೆ ಬಾಯಿಲ್ಲ. ಅದರ ಬಲವೂ ಅದೇ, ತೊಡಕೂ ಅದೇ. ಬೇರೆಯವರು ಅದರ ಬಾಯಲ್ಲಿ ಬೇರೆ ಮಾತು ಆಡಿಸಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ ಕೇಂದ್ರ ರಾಜ್ಯಕ್ಕೆ ಕೊಟ್ಟಿದ್ದು ಖಾಲಿ ಚೊಂಬು ಎಂದು ಕಾಂಗ್ರೆಸ್ ಪ್ರಚಾರ ಮಾಡಿತು. ಏಪ್ರಿಲ್ 20ರಂದು ಚಿಕ್ಕಬಳ್ಳಾಪುರದಲ್ಲಿ ಮೋದಿಯವರ ಸಭೆ. ಅದೇ ವೇದಿಕೆಯಲ್ಲಿ ದೇವೇಗೌಡರು, ಕಾಂಗ್ರೆಸ್ ಬಿಟ್ಟುಹೋದ ಖಾಲಿ ಚೊಂಬನ್ನು ಮೋದಿ ಅಕ್ಷಯಪಾತ್ರೆ ಮಾಡಿದರು ಎಂದರು. ಚೊಂಬು ಒಂದೇ, ಮಾತು ಎರಡು. ಮೈಮೇಲೆ ತೊಟ್ಟ ವಸ್ತುವಿನ ವಿಷಯದಲ್ಲಿ ಹೀಗೆ ತಿರುಗಿಸುವುದು ಕಷ್ಟ. ತೊಟ್ಟವನ ಮುಖ ಅಲ್ಲೇ ಇರುತ್ತದಲ್ಲ.

ತೊಟ್ಟವನಿಗೆ ಅದರಿಂದ ಏನು ನಷ್ಟವಾಗಬಹುದು? ಇಡೀ ವಿಷಯದ ಮೂಲ ಇಲ್ಲಿದೆ ಎಂದು ನಾನು ನಂಬುತ್ತೇನೆ.

ಸರ್ಕಾರಿ ನೌಕರರು, ಡಾಕ್ಟರುಗಳು, ಮೇಷ್ಟ್ರುಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಒಂದು ರಿಬ್ಬನ್ ತುಂಡು, ಒಂದು ಗುಂಡುಸೂಜಿ. ಅದೇ ಯಾಕೆ? ಅದರ ಹಿಂದೆ ಒಂದು ಕಾನೂನಿನ ಕಥೆ ಇದೆ. ಸರ್ಕಾರಿ ನೌಕರರು ಯಾವ ರೀತಿಯ ಪ್ರದರ್ಶನವನ್ನೂ ಮಾಡಬಾರದು ಎಂದು ಬಿಹಾರದಲ್ಲಿ ಒಂದು ನಿಯಮವಿತ್ತು. 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರದರ್ಶನದ ಮೇಲಿನ ಆ ಪೂರ್ತಿ ನಿಷೇಧವನ್ನು ಒಪ್ಪಲಿಲ್ಲ. ಮುಷ್ಕರ ಮೂಲಭೂತ ಹಕ್ಕಲ್ಲ ಎಂದಿತು. ಆದರೆ ಪ್ರದರ್ಶನ ಎಂದರೆ ಕಲ್ಲು ತೂರುವುದೂ ಆಗಬಹುದು, ಅಹವಾಲು ತಿಳಿಸುವ ಒಂದು ಬ್ಯಾಡ್ಜು ಹಾಕಿಕೊಂಡು ಶಾಂತವಾಗಿ ಇರುವುದೂ ಆಗಬಹುದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದಿತು. ಕೆಲಸ ನಿಲ್ಲಿಸಿದರೆ ಕಾನೂನಿನ ತೊಡಕು, ನಿಲ್ಲಿಸದೆ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ಎರಡರ ನಡುವೆ ಉಳಿದ ಸಣ್ಣ ಜಾಗದಲ್ಲಿ ಕಪ್ಪು ಪಟ್ಟಿ ಕೂತಿದೆ. ಅಮೆರಿಕದಲ್ಲೂ ಹೀಗೇ. 1965ರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕಪ್ಪು ಪಟ್ಟಿ ಕಟ್ಟಿಕೊಂಡ ಶಾಲಾ ಮಕ್ಕಳನ್ನು ಮನೆಗೆ ಕಳಿಸಿದರು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದೂ ಮಾತೇ ಎಂದು ಮಕ್ಕಳ ಪರ ತೀರ್ಪು ಕೊಟ್ಟಿತು.

ಇಂದು ನಮ್ಮಲ್ಲಿ ಕಪ್ಪು ಪಟ್ಟಿ ಮಾಮೂಲಾಗಿದೆ. ಬಂದವರು ನೋಡಿಯೂ ನೋಡದ ಹಾಗೆ ಹೋಗುತ್ತಾರೆ. ಆದರೆ 2003ರ ವಿಶ್ವಕಪ್ ನೆನಪಿದೆಯಾ? ಫೆಬ್ರವರಿ 10, ಹರಾರೆ. ನಮೀಬಿಯಾ ವಿರುದ್ಧದ ಪಂದ್ಯಕ್ಕೆ ಜಿಂಬಾಬ್ವೆಯ ಆಂಡಿ ಫ್ಲವರ್ ಮತ್ತು ಹೆನ್ರಿ ಒಲೊಂಗಾ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಇಳಿದರು. ತಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಸತ್ತಿದೆ, ಅದಕ್ಕೆ ಈ ಶೋಕ ಎಂದು ಹೇಳಿಕೆ ಕೊಟ್ಟರು. ಆ ವಿಶ್ವಕಪ್ಪಿನ ನಂತರ ಇಬ್ಬರೂ ಜಿಂಬಾಬ್ವೆ ಪರ ಆಡಲಿಲ್ಲ. ಒಲೊಂಗಾ ಜೀವಭಯದಿಂದ ದೇಶವನ್ನೇ ಬಿಟ್ಟರು. ಪಟ್ಟಿ ಅದೇ ಕಪ್ಪು ಪಟ್ಟಿ. ಅದನ್ನು ಕಟ್ಟಿಕೊಂಡವರು ಏನನ್ನು ಪಣಕ್ಕಿಟ್ಟರು ಎಂಬುದು ಬೇರೆ.

ಅರ್ಜೆಂಟೀನಾದ ತಾಯಂದಿರ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮಿಲಿಟರಿ ಸರ್ಕಾರ ಸಾವಿರಾರು ಯುವಕ ಯುವತಿಯರನ್ನು ಹೊತ್ತುಕೊಂಡು ಹೋಗಿ ಕಾಣೆ ಮಾಡಿತ್ತು. 1977ರ ಏಪ್ರಿಲ್ 30ರಂದು 14 ತಾಯಂದಿರು ರಾಜಧಾನಿಯ ಮೇಯೋ ಚೌಕಕ್ಕೆ ಬಂದು ನಮ್ಮ ಮಕ್ಕಳೆಲ್ಲಿ ಎಂದರು. ಗುಂಪುಗೂಡಿ ನಿಲ್ಲಬಾರದು ಎಂದು ಪೊಲೀಸರು ಗದರಿದಾಗ ಇಬ್ಬಿಬ್ಬರಾಗಿ ಸುತ್ತು ನಡೆಯತೊಡಗಿದರು. ಅದೇ ವರ್ಷ ಲೂಹಾನ್ ಎಂಬ ಊರಿನ ಯಾತ್ರೆಗೆ ಹೊರಟಾಗ ಅಷ್ಟು ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಬಂತು. ಮಗುವಿಗೆ ಕಟ್ಟುವ ಬಿಳಿ ಬಟ್ಟೆಯನ್ನೇ ತಲೆಗೆ ಕಟ್ಟಿಕೊಂಡರು. ಪ್ರತಿ ತಾಯಿಯ ಪೆಟ್ಟಿಗೆಯಲ್ಲೂ ಇರುವ ಬಟ್ಟೆ. ಆಮೇಲೆ ಅದು ಬಿಳಿ ತಲೆವಸ್ತ್ರವಾಯಿತು, ಅದರ ಮೇಲೆ ಕಾಣೆಯಾದ ಮಕ್ಕಳ ಹೆಸರು ಕಸೂತಿಯಾಯಿತು. ಮೊದಲು ಮುಂದೆ ನಿಂತಿದ್ದ ಅಸುಸೇನಾ ವಿಯಾಫ್ಲೋರ್ ಅವರನ್ನು ಆ ಡಿಸೆಂಬರ್‌ನಲ್ಲಿ ಹೊತ್ತೊಯ್ದು ಕೊಂದರು. ಉಳಿದವರು ಬಟ್ಟೆ ಬಿಚ್ಚಲಿಲ್ಲ.

ಕೆಲವು ಸಲ ಸರ್ಕಾರವೇ ಗುರುತನ್ನು ಹಂಚಿರುತ್ತದೆ. ಫ್ರಾನ್ಸಿನಲ್ಲಿ ಪ್ರತಿ ಕಾರಿನಲ್ಲೂ ಎದ್ದು ಕಾಣುವ ಹಳದಿ ಜಾಕೆಟ್ ಇರಲೇಬೇಕು ಎಂದು 2008ರಿಂದ ನಿಯಮ. ಡೀಸೆಲ್ ತೆರಿಗೆ ಏರಿದಾಗ, 2018ರ ನವೆಂಬರ್ 17ರಂದು, ಜನ ಅದನ್ನೇ ತೊಟ್ಟು ರಸ್ತೆಗಿಳಿದರು.

ನಮ್ಮಲ್ಲಿ ಅಂಥದ್ದು ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ. ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆಶಾಗಳ ದೊಡ್ಡ ಪ್ರತಿಭಟನೆ ಇತ್ತು. ಹಿಂದಿನ ರಾತ್ರಿ ಅವರು ಸೀರೆ ಇಸ್ತ್ರಿ ಮಾಡುತ್ತಿದ್ದರು. ಸೆರಗಿನ ಹತ್ತಿರ ಕಂದು ಕಲೆ. ಟಾನಿಕ್ ಚೆಲ್ಲಿದ್ದು. ಉಜ್ಜಿ ಉಜ್ಜಿ ನೋಡಿದರು, ಹೋಗಲಿಲ್ಲ. ಕೊನೆಗೆ ಕಲೆ ಒಳಗೆ ಹೋಗುವ ಹಾಗೆ ಮಡಿಕೆ ಹಿಡಿದು, ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ತೆಗೆದು ಎಲ್ಲಿ ಹಾಕಬೇಕು ಎಂದು ಅಳತೆ ನೋಡಿಟ್ಟರು. "ಬೇರೆ ಸೀರೆ ಉಟ್ಟು ಹೋಗಬಾರದಾ ಅಕ್ಕ?" ಎಂದು ಕೇಳಿದೆ. "ಬೇರೆ ಸೀರೆಯಲ್ಲಿ ಹೋದ್ರೆ ಯಾರೋ ಹೆಂಗಸರು ಬಂದವ್ರೆ ಅಂತಾರೆ. ಇದರಲ್ಲಿ ಹೋದ್ರೆ ಆಶಾಗಳು ಬಂದವ್ರೆ ಅಂತಾರೆ" ಎಂದರು. ನಮ್ಮಪ್ಪ ಟ್ರ್ಯಾಕ್ಟರ್ ದಿನ ಹೇಳಿದ ಮಾತೇ ಇದು.

ಆ ಸೀರೆಯಲ್ಲಿ ಇನ್ನೊಂದು ವಿಷಯ ಅಡಗಿದೆ. ಕಾಗದದ ಪ್ರಕಾರ ಆಶಾಗಳು ನೌಕರರಲ್ಲ, ಸ್ವಯಂಸೇವಕಿಯರು. ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಆದರೆ ಸಮವಸ್ತ್ರ ಇದೆ. ಬಾಣಂತಿಯ ಮನೆಗೂ, ಲಸಿಕೆಯ ಕ್ಯಾಂಪಿಗೂ, ಕೋವಿಡ್ ಸರ್ವೆಗೂ ಅದೇ ಸೀರೆಯಲ್ಲಿ ಹೋಗಬೇಕು. ಊರವರ ಕಣ್ಣಿಗೆ ಅವರು ಸರ್ಕಾರದವರು. ಆ ಸೀರೆ ಉಟ್ಟು ಸಾವಿರಾರು ಜನ ರಸ್ತೆಯ ಮೇಲೆ ಕೂತಾಗ ಬಟ್ಟೆಯೇ ಪ್ರಶ್ನೆ ಕೇಳುತ್ತದೆ: ಉಡಿಸುವಾಗ ನಿಮ್ಮವರು, ಸಂಬಳ ಕೊಡುವಾಗ ಯಾಕಲ್ಲ? 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ತಿಂಗಳಿಗೆ 15,000 ರೂಪಾಯಿ ನಿಗದಿ ಮಾಡಿ ಎಂದು ಕೂತಾಗಲೂ ಅದೇ ಸೀರೆ, ಅದೇ ಪ್ರಶ್ನೆ.

ಕಳೆದುಕೊಳ್ಳುವುದು ಏನೂ ಇಲ್ಲದಿದ್ದರೆ ಗುರುತು ಬೇಗ ಸಪ್ಪೆಯಾಗುತ್ತದೆ. 2016ರ ಜೂನ್‌ನಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡಲು ಮತ ಹಾಕಿದ ಮೇಲೆ ವಲಸಿಗರ ಮೇಲೆ ಬೈಗುಳ, ಹಲ್ಲೆ ಹೆಚ್ಚಿದವು. ನನ್ನ ಪಕ್ಕ ಕೂತರೆ ನಿಮಗೆ ಭಯವಿಲ್ಲ ಎಂದು ತಿಳಿಸಲು ಜನ ಅಂಗಿಗೆ ಸೇಫ್ಟಿ ಪಿನ್ನು ಹಾಕಿಕೊಂಡರು. ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಮೇಲೆ ಅಮೆರಿಕಕ್ಕೂ ಅದು ಹೋಯಿತು. ಒಳ್ಳೆಯ ಮನಸ್ಸಿನಿಂದಲೇ ಶುರುವಾಗಿದ್ದು. ಆದರೆ ಪಿನ್ನು ಹಾಕಿಕೊಂಡವರು ನಿಜವಾಗಿ ನಮ್ಮ ಪಕ್ಕ ನಿಲ್ಲುತ್ತಾರಾ, ಇಲ್ಲ ತಮ್ಮ ಸಮಾಧಾನಕ್ಕೆ ಹಾಕಿಕೊಂಡಿದ್ದಾರಾ ಎಂಬ ಟೀಕೆ ಬೇಗನೇ ಬಂತು. ಆಮೇಲಾಮೇಲೆ ಪಿನ್ನು ಕಾಣೆಯಾಯಿತು.

ನಮ್ಮ ಹಸಿರು ಶಾಲಿಗೂ ಈ ಅಪಾಯವಿದೆ. 2018ರ ಮೇ 17ರಂದು ಯಡಿಯೂರಪ್ಪನವರು ಹಸಿರು ಶಾಲು ಹೊದ್ದು, ದೇವರು ಮತ್ತು ರೈತರ ಹೆಸರಲ್ಲಿ ಪ್ರಮಾಣವಚನ ತೆಗೆದುಕೊಂಡರು. ಈಗ ಎಲ್ಲ ಪಕ್ಷದವರೂ ರೈತರ ಸಭೆಗೆ ಬಂದರೆ ಶಾಲು ಹೊದೆಯುತ್ತಾರೆ, ಕಾರು ಹತ್ತುವ ಮುಂಚೆ ತೆಗೆದು ಪಕ್ಕದವರ ಕೈಗೆ ಕೊಡುತ್ತಾರೆ. ಶಾಲು ಹೊದೆಯಬೇಡಿ ಎಂದು ಯಾರಿಗೂ ಹೇಳಲಾಗುವುದಿಲ್ಲ. ಆದರೆ ಅಧಿಕಾರದಲ್ಲಿ ಇರುವವರಿಗೆ ಅದರಿಂದ ಹೋಗುವುದು ಏನೂ ಇಲ್ಲ, ಬರುವುದೇ ಜಾಸ್ತಿ. ಲಾಠಿ ಏಟು ತಿಂದ ಹೆಗಲ ಮೇಲಿನ ಶಾಲಿಗೂ ಹಾರದ ಜೊತೆ ಬಂದ ಶಾಲಿಗೂ ನಡುವಿನ ಫರಕು ನೋಡುವವರ ಕಣ್ಣಿಗೆ ಬೀಳದೇ ಹೋದರೆ, ರೈತರು ಬೇರೆ ಗುರುತು ಹುಡುಕಿಕೊಳ್ಳಬೇಕಾಗುತ್ತದೆ.

ಫರಕು ಕಾಣುತ್ತದೆ ಎಂದು ನಮ್ಮಪ್ಪನಿಗೆ ನಂಬಿಕೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕಡೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ರೈತರು ಕೇಳುತ್ತಲೇ ಇದ್ದಾರೆ. ಹೋದ ಸಲ ಅದಕ್ಕೆಂದೇ ಸಭೆ ಕರೆದಾಗ ಅಪ್ಪ ಬಾಗಿಲ ಹಿಂದಿನ ಮೊಳೆಯಿಂದ ಶಾಲು ತೆಗೆದರು. ಹಸಿರು ಹೋಗಿ ಹುಣಸೆ ಎಲೆ ಒಣಗಿದ ಬಣ್ಣ ಬಂದಿದೆ. ಒಂದು ಅಂಚು ಪಿಸಿದಿದೆ. ಪೇಟೆಯಿಂದ ಹೊಸದೊಂದು ತರ್ತೀನಿ ಎಂದೆ.

"ಬೇಡ. ಹೊಸದು ಹಾಕ್ಕೊಂಡ್ರೆ ಇವತ್ತು ಸೇರ್ದೋನು ಅಂದ್ಕೋತಾರೆ" ಅಂದರು.

ಅಮ್ಮ ಸೂಜಿ ತಂದು ಕೂತರು. ಮನೆಯಲ್ಲಿ ಹಸಿರು ದಾರ ಇರಲಿಲ್ಲ. ನೀಲಿ ದಾರದಲ್ಲೇ ಅಂಚು ಹೊಲಿದು, ಹಲ್ಲಲ್ಲಿ ಕಚ್ಚಿ ದಾರ ಕಿತ್ತು, ಅವರ ಹೆಗಲಿಗೆ ಹಾಕಿದರು.